ಗುಂಪಿನಲ್ಲಿ 'ಉಷಾರಿಲ್ಲ' ಎಂದವರಿಗೆ ಮೊದಲ ಉತ್ತರ

ಮಾನ್ಯ ಸಂಪಾದಕರಿಗೆ,

ರಾತ್ರಿ ಹತ್ತೂವರೆಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸಾಲು ಬರುತ್ತದೆ: "ಅಪ್ಪನಿಗೆ ಎದೆ ಹಿಡಿದ ಹಾಗೆ ಆಗ್ತಾ ಉಂಟು, ಬೆವರ್ತಾ ಇದ್ದಾರೆ, ಏನು ಮಾಡುದು?" ಮುಂದಿನ ಹತ್ತು ನಿಮಿಷಗಳಲ್ಲಿ ಬರುವ ಉತ್ತರಗಳನ್ನು ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಯಾರು ಬೇಕಾದರೂ ಕಣ್ಣುಮುಚ್ಚಿ ಹೇಳಬಲ್ಲರು. ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿಸಿ. ಓಮದ ನೀರು ಕೊಡಿ. ಜೋರಾಗಿ ಕೆಮ್ಮಲಿಕ್ಕೆ ಹೇಳಿ, ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ. ನಮ್ಮ ಭಾವನಿಗೂ ಹೀಗೇ ಆದದ್ದು, ಎರಡೇ ದಿನ. ನಡುವೆ ಕೈಮುಗಿದ ಚಿತ್ರಗಳು ಏಳೆಂಟು. ಮೇಲಿನದನ್ನು ಓದದೆ, ಕೈಮುಗಿದದ್ದನ್ನು ಮಾತ್ರ ನೋಡಿದ ಒಬ್ಬರಿಂದ "ಓಂ ಶಾಂತಿ". ಈ ಹದಿನೈದು ಉತ್ತರಗಳಲ್ಲಿ ಒಂದೂ ಪ್ರಶ್ನೆ ಇಲ್ಲ. ಅಪ್ಪನ ವಯಸ್ಸೆಷ್ಟು, ಯಾವಾಗ ಶುರುವಾಯಿತು, ಮನೆಯಲ್ಲಿ ವಾಹನ ಇದೆಯೇ, ಜೊತೆಗೆ ಯಾರಿದ್ದಾರೆ, ಯಾರೂ ಕೇಳಿಲ್ಲ. ಯಾರೂ ಫೋನ್ ಎತ್ತಿಲ್ಲ.

ಇಂಥ ಉತ್ತರಗಳನ್ನು ಮರ್ಯಾದೆಯ ವಿಷಯವಾಗಿ ನೋಡಬೇಕೆಂದು ಈ ಪತ್ರ. ಮರ್ಯಾದೆ ಎಂದರೆ ಸಿಹಿ ಮಾತು ಎಂದು ತಿಳಿದಿದ್ದೇವೆ. ಕಾಯಿಲೆಯ ಭಯ ಹೇಳಿಕೊಂಡವರ ಮಟ್ಟಿಗೆ ಅದು ಬೇರೆಯೇ ಸಂಗತಿ: ಗೊತ್ತಿಲ್ಲದ್ದನ್ನು ಹೇಳದಿರುವುದು, ಗೊತ್ತಿರುವುದನ್ನು ಅಳತೆ ಸಮೇತ ಹೇಳುವುದು, ಅವರ ಗುಟ್ಟನ್ನು ಕಾಯುವುದು. ಮೊದಲ ಎರಡು ಉತ್ತರಗಳು ಹೇಗಿರುತ್ತವೆಯೋ ಆ ಮನೆಯವರು ಮುಂದಿನ ಒಂದು ಗಂಟೆ ಹಾಗೆಯೇ ನಡೆಯುತ್ತಾರೆ. ಹತ್ತು ಜನ ಗ್ಯಾಸ್ ಎಂದರೆ ಹನ್ನೊಂದನೆಯವರು ಆಸ್ಪತ್ರೆ ಎಂದದ್ದು ಕೇಳಿಸುವುದಿಲ್ಲ.

ಎದೆನೋವಿನ ವಿಷಯವನ್ನೇ ಮುಗಿಸಿಕೊಳ್ಳೋಣ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಎದೆನೋವಾಗಿಯೇ ಬರಬೇಕೆಂದಿಲ್ಲ. ಬೆವರು, ಉಬ್ಬಸ, ದವಡೆ ಅಥವಾ ಎಡಗೈ ಸೆಳೆತ, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಂತಿ ಬಂದ ಹಾಗೆ ಆಗುವುದು, ಇವೂ ಅದೇ ಆಗಿರಬಹುದು. ಗ್ಯಾಸ್‌ಗೂ ಇದಕ್ಕೂ ವ್ಯತ್ಯಾಸವನ್ನು ಡಾಕ್ಟರೇ ಮುಖ ನೋಡಿ ಹೇಳಲಾರರು, ಇಸಿಜಿ ಬೇಕು. ಮೊದಲ ಇಸಿಜಿ ಸರಿ ಬಂದರೂ ನೋವು ಮುಂದುವರಿದರೆ ಮತ್ತೆ ತೆಗೆಯುತ್ತಾರೆ. ಹಾಗಿರುವಾಗ ಗುಂಪಿನಲ್ಲಿ ಕೂತವರು ಹೇಗೆ ಹೇಳುವುದು? ಕೆಮ್ಮಿ ಹೃದಯಾಘಾತ ನಿಲ್ಲಿಸುವ ಸಂದೇಶ ಸುಳ್ಳು. ಅದನ್ನು ನಂಬಿ ಕೆಮ್ಮುತ್ತಾ ಕೂತರೆ ಹೋಗುವುದು ಸಮಯ. ಆಸ್ಪಿರಿನ್ ಅಗಿಯಿರಿ ಎನ್ನುವ ಸಲಹೆಯಲ್ಲಿ ಸತ್ಯವಿದೆ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು ಅಥವಾ ಆಂಬುಲೆನ್ಸಿನವರು, ಏಕೆಂದರೆ ಹೊಟ್ಟೆಯಲ್ಲಿ ರಕ್ತಸ್ರಾವ ಇರುವವರಿಗೆ, ಆಸ್ಪಿರಿನ್ ಒಗ್ಗದವರಿಗೆ ಅದು ಅಪಾಯ. ಪಾರ್ಶ್ವವಾಯುವಿನಿಂದ ಬಾಯಿ ವಾರೆಯಾದವರಿಗೆ ಸ್ಕ್ಯಾನ್ ಆಗುವ ಮೊದಲು ಕೊಡಲೇಬಾರದು.

ಆದ್ದರಿಂದ ಒಂದು ರೂಢಿ ಹಾಕಿಕೊಳ್ಳಬಹುದು. ಎದೆನೋವು, ಉಸಿರುಕಟ್ಟುವುದು, ಮುಖ ವಾರೆಯಾಗುವುದು, ಮಾತು ತೊದಲುವುದು, ಫಿಟ್ಸ್, ಹಾವು ಕಚ್ಚಿದ್ದು, ಬಸುರಿಗೆ ರಕ್ತ ಕಂಡದ್ದು, ಹಾಲು ಕುಡಿಯದ ಹಸುಗೂಸು. ಇವುಗಳಲ್ಲಿ ಯಾವುದು ಗುಂಪಿನಲ್ಲಿ ಕಂಡರೂ ಟೈಪ್ ಮಾಡಬೇಡಿ, ಫೋನ್ ಮಾಡಿ. ಗುಂಪಿನಲ್ಲಿ ಒಂದೇ ಸಾಲು ಸಾಕು: "ನಾನು ಅವರಿಗೆ ಫೋನ್ ಮಾಡ್ತಾ ಇದ್ದೇನೆ, ಬೇರೆಯವರು ಈಗ ಮಾಡ್ಬೇಡಿ." ಇಷ್ಟು ಹಾಕದಿದ್ದರೆ ಎಂಟು ಜನ ಒಟ್ಟಿಗೆ ಕರೆ ಮಾಡಿ, ಆ ಮನೆಯವರಿಗೆ 108 ಒತ್ತಲೂ ಫೋನ್ ಸಿಗುವುದಿಲ್ಲ.

108ರ ಬಗ್ಗೆ ಗಡಿಯವರಾದ ನಾವು ತಿಳಿದಿರಬೇಕಾದ ಒಂದು ಸೂಕ್ಷ್ಮ ಇದೆ. ಅದು ಕೇರಳದಲ್ಲೂ ಕರ್ನಾಟಕದಲ್ಲೂ ಒಂದೇ ಸಂಖ್ಯೆ, ವ್ಯವಸ್ಥೆ ಮಾತ್ರ ಬೇರೆ ಬೇರೆ. ಕರೆ ಯಾವ ರಾಜ್ಯದ ಕೇಂದ್ರಕ್ಕೆ ಹೋಗಿದೆ ಎಂದು ಗಡಿಯಲ್ಲಿ ನಿಂತವರಿಗೆ ಖಾತ್ರಿ ಇರುವುದಿಲ್ಲ. ಆದ್ದರಿಂದ ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ಪಂಚಾಯತು, ಆಮೇಲೆ ಊರು ಹೇಳಬೇಕು. ಬರೀ "ಅಡೂರು" ಎಂದರೆ ಕೇರಳದವರಿಗೆ ಮೊದಲು ನೆನಪಾಗುವುದು ಪತ್ತನಂತಿಟ್ಟದ ದೊಡ್ಡ ಪೇಟೆ, ಮುಳ್ಳೇರಿಯದಾಚೆಯ ನಮ್ಮ ಅಡೂರು ಅಲ್ಲ. ಪೆರಿಯ ಕಾಸರಗೋಡಿನಲ್ಲೂ ಇದೆ, ವಯನಾಡಿನಲ್ಲೂ ಇದೆ. ದೂರದಲ್ಲಿರುವ ಮಗನೋ ಅಳಿಯನೋ ದುಬೈಯಿಂದ ಸಹಾಯ ಮಾಡುವುದಾದರೆ ಆ ಮನೆಯ ಲೊಕೇಶನ್, ಮನೆಗೆ ಬರುವ ದಾರಿಯ ಗುರುತು (ಭಜನಾ ಮಂದಿರದ ಎಡಕ್ಕೆ, ಹಾಲಿನ ಸೊಸೈಟಿ ಕಳೆದು), ಹತ್ತಿರದ ಮನೆಯವರ ನಂಬರು, ಇಷ್ಟನ್ನು ಸರಿಯಾಗಿ ಬರೆದು ಕಳಿಸಿದರೆ ಕಷಾಯದ ಹತ್ತು ಸಂದೇಶಗಳಿಗಿಂತ ಹೆಚ್ಚು ಕೆಲಸವಾಯಿತು.

"ಮಂಗಳೂರಿಗೇ ಕರಕೊಂಡು ಹೋಗಿ" ಎನ್ನುವುದು ಇಲ್ಲಿ ಎಲ್ಲದಕ್ಕೂ ಸಿದ್ಧವಾಗಿರುವ ಉತ್ತರ. ಅದಕ್ಕೆ ಕಾರಣವೂ ಇದೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ತಲೆಮಾರುಗಳಿಂದ ನಮ್ಮ ಆಸ್ಪತ್ರೆ ಅದೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ರಾಜ್ಯಗಳ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ನಾವು ಪಟ್ಟ ಪಾಡು ಯಾರೂ ಮರೆತಿಲ್ಲ. ಆದರೆ ಹಾವು ಕಚ್ಚಿದವರನ್ನು ಮೊದಲು ಮುಟ್ಟಿಸಬೇಕಾದದ್ದು ವಿಷದ ಪ್ರತಿಮದ್ದು ಇರುವ ಹತ್ತಿರದ ಆಸ್ಪತ್ರೆಗೆ. ಹಾಗೆ ಸಲಹೆ ಕೊಡುವವರು ತಾವೇ ಆ ಆಸ್ಪತ್ರೆಗೆ ಫೋನ್ ಮಾಡಿ, ಮದ್ದು ಉಂಟೇ ಎಂದು ಕೇಳಿ, ಆಮೇಲೆ ಬರೆಯಲಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಲಕ್ಷಣ ಶುರುವಾದ ನಂತರ ನಾಲ್ಕೂವರೆ ಗಂಟೆಯ ಒಳಗೆ ಎಂಬ ಲೆಕ್ಕವಿದೆ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಕೇಳಬೇಕಾದ ಪ್ರಶ್ನೆ "ಕೊನೆಗೆ ಸರಿ ಇದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ?" ಎಂಬುದು. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ ಎನ್ನುವ ಸಂದೇಶ ಆ ನಾಲ್ಕೂವರೆ ಗಂಟೆಯಿಂದ ಅರ್ಧ ಗಂಟೆ ಕದಿಯುತ್ತದೆ, ಅಷ್ಟೇ.

ಹಾವಿನ ಫೋಟೋ ಕೇಳುವುದೂ ಒಂದು ಚಟ. ಕಚ್ಚಿದ ಹಾವನ್ನು ಹುಡುಕಲು ಹೋದವನಿಗೆ ಎರಡನೆಯ ಕಡಿತ ಸಿಗಬಹುದು. ಮಸುಕಾದ ಚಿತ್ರ ನೋಡಿ "ಇದು ವಿಷದ್ದಲ್ಲ, ಹೆದರಬೇಡಿ" ಎನ್ನುವವರು ತಿಳಿದಿರಲಿ: ವಿಷವಿಲ್ಲದ ತೋಳಹಾವಿಗೂ ವಿಷದ ಕಟ್ಟುಹಾವಿಗೂ ಅಡ್ಡಪಟ್ಟೆ ಇದೆ. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚಿದರೆ ನೋವೂ ಬಾವೂ ಇಲ್ಲದೆ ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಇಳಿಯುವುದು ಮಾತ್ರ ಕಾಣಬಹುದು. ಕೈಕಾಲು ಅಲುಗದಂತೆ ಇಟ್ಟು ಹೊರಡಿಸಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ.

ಇನ್ನು ತುರ್ತಲ್ಲದ, ಆದರೆ ನಿದ್ದೆ ಕೆಡಿಸುವ ಭಯಗಳು. ಲ್ಯಾಬಿನ ರಿಪೋರ್ಟು ಕೈಗೆ ಬಂದ ಕೂಡಲೇ ಫೋಟೋ ತೆಗೆದು "ಇದು ಏನು?" ಎಂದು ಹಾಕುತ್ತಾರೆ. ದಪ್ಪ ಅಕ್ಷರದಲ್ಲಿ ಮುದ್ರಿತವಾದ ಒಂದು ಅಂಕಿ ಹಿಡಿದುಕೊಂಡು ಗುಂಪು ಕಾಯಿಲೆ ನಿರ್ಧರಿಸುತ್ತದೆ. ರಿಪೋರ್ಟಿನ ಬಲಬದಿಯ 'ಸಾಮಾನ್ಯ ಮಿತಿ' ಏನೆಂದು ತಿಳಿದರೆ ಈ ಗಲಾಟೆ ಅರ್ಧ ನಿಂತೀತು. ಆರೋಗ್ಯವಂತರ ದೊಡ್ಡ ಗುಂಪನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ ನೂರಕ್ಕೆ 95 ಜನರ ಅಂಕಿಗಳು ಬೀಳುವ ಜಾಗವನ್ನು ಸಾಮಾನ್ಯ ಮಿತಿ ಎಂದು ಕರೆಯುತ್ತಾರೆ. ಉಳಿದ ಐದು ಮಂದಿಯೂ ಆರೋಗ್ಯವಂತರೇ. ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ದಪ್ಪ ಅಕ್ಷರದಲ್ಲಿ ಬರುವ ಸಾಧ್ಯತೆ ನೂರಕ್ಕೆ 64. 'ಫುಲ್ ಬಾಡಿ ಚೆಕಪ್' ಪ್ಯಾಕೇಜು ಮಾಡಿಸಿದ ಸಂಜೆಯೇ ಇಷ್ಟೊಂದು ಜನ ಹೆದರುವುದು ಇದರಿಂದಲೂ ಹೌದು. ಮಿತಿ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ನಿಮ್ಮ ರಿಪೋರ್ಟಿನ ಮಿತಿಯನ್ನು ಇನ್ನೊಬ್ಬರ ಅಂಕಿಗೆ ಹೊಂದಿಸಬಾರದು.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕು ಗಲ್ಫಿನದು. ಮನೆಗೊಬ್ಬರು ಅಲ್ಲಿದ್ದಾರೆ, ಅಲ್ಲಿನ ಹಲವು ಲ್ಯಾಬುಗಳು ಬೇರೆ ಮಾನದಲ್ಲಿ ಅಂಕಿ ಕೊಡುತ್ತವೆ. ಶಾರ್ಜಾದಿಂದ ಅಣ್ಣ "ಶುಗರ್ 7 ಬಂದಿದೆ" ಎಂದು ಬರೆದರೆ ಊರಿನವರು ಬೆಚ್ಚಿ "ಅಯ್ಯೋ ತುಂಬಾ ಕಡಿಮೆ, ಬೇಗ ಸಕ್ಕರೆ ನೀರು ಕುಡಿ" ಎನ್ನುತ್ತಾರೆ. ಅದು ಮಿಲಿಮೋಲ್ ಎಂಬ ಮಾನದ ಅಂಕಿ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ: 7 ಎಂದರೆ 126. ಖಾಲಿ ಹೊಟ್ಟೆಯಲ್ಲಿ ಅಷ್ಟು ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, ಕುಡಿಯಬೇಕಾದದ್ದು ಸಕ್ಕರೆ ನೀರಲ್ಲ. 3.9ಕ್ಕಿಂತ, ಅಂದರೆ ನಮ್ಮ 70ಕ್ಕಿಂತ ಕೆಳಗಿದ್ದರೆ ಮಾತ್ರ ಕಡಿಮೆ. ಕ್ರಿಯಾಟಿನಿನ್ ಅಲ್ಲಿ 88 ಎಂದು ಬಂದರೆ ಇಲ್ಲಿಯ 1, ಕಿಡ್ನಿ ಹೋಯಿತೆಂದು ಅಳಬೇಕಾಗಿಲ್ಲ. ಹಿಮೋಗ್ಲೋಬಿನ್ 120 ಎಂದರೆ 12. ಮೂರು ತಿಂಗಳ ಸಕ್ಕರೆಯ ಸರಾಸರಿ 53 ಎಂದು ಬಂದದ್ದು ನಮ್ಮ ಶೇಕಡಾ 7. ಅಂಕಿಯ ಪಕ್ಕದ ಪುಟ್ಟ ಅಕ್ಷರಗಳನ್ನು ಓದದೆ ಉತ್ತರ ಬರೆಯುವುದು ಉದ್ಧಟತನ. ಮೀಟರಿನಲ್ಲಿ ಅಂಕಿಯ ಬದಲು 'ಹೈ' ಎಂದು ಬಂದ ಚಿತ್ರ ನೋಡಿ ನಗುವವರೂ ಇದ್ದಾರೆ. ಅದು ನಮಸ್ಕಾರ ಹೇಳಿದ್ದಲ್ಲ. ಹೆಚ್ಚಿನ ಮೀಟರುಗಳಲ್ಲಿ 600 ಮೀರಿದರೆ ಹಾಗೆ ಬರುತ್ತದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಭಾಷೆಯ ವಿಷಯ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ಬೆಂಗಳೂರಿನವರಿಗೆ ಈ ಕಷ್ಟ ಗೊತ್ತಿಲ್ಲ. ನಮ್ಮ ಓಪಿ ಚೀಟಿ ಮಲಯಾಳದಲ್ಲಿ, ನರ್ಸು ಹೇಳುವುದು ಮಲಯಾಳದಲ್ಲಿ, ಮನೆಯಲ್ಲಿ ತುಳು ಅಥವಾ ಹವ್ಯಕ ಅಥವಾ ಬ್ಯಾರಿ, ಗುಂಪಿನಲ್ಲಿ ಕನ್ನಡ. ನಡುವೆ ಶಬ್ದಗಳು ಅರ್ಥ ಬದಲಿಸುತ್ತವೆ. 'ಕ್ಷೀಣಂ' ಎಂದರೆ ಮಲಯಾಳದಲ್ಲಿ ಬರೀ ಸುಸ್ತು. ಆಸ್ಪತ್ರೆಯಲ್ಲಿ ಕೇಳಿದ್ದನ್ನು ಯಾರೋ "ಅಮ್ಮನಿಗೆ ಕ್ಷೀಣ ಉಂಟಂತೆ" ಎಂದು ಹಾಕಿದರೆ, ಮೈಸೂರಿನಲ್ಲಿರುವ ತಂಗಿ ಅದನ್ನು 'ಸ್ಥಿತಿ ಕ್ಷೀಣಿಸಿದೆ' ಎಂದು ಓದಿ ರಾತ್ರಿಯ ಬಸ್ಸು ಹತ್ತುತ್ತಾಳೆ. 'ಮಞ್ಞಪಿತ್ತಂ' ಎಂದದ್ದು ಕಾಮಾಲೆ. ನಮ್ಮವರು 'ಪಿತ್ತ' ಮಾತ್ರ ಕೇಳಿಸಿಕೊಂಡು ಪುನರ್ಪುಳಿ ಶರಬತ್ತು ಹೇಳುತ್ತಾರೆ. 'ಎಲಿಪ್ಪನಿ' ಇಲಿಜ್ವರ, ಮಳೆಗಾಲದಲ್ಲಿ ಗದ್ದೆ, ತೋಡಿಗೆ ಇಳಿಯುವವರಿಗೆ ಬರುವಂಥದ್ದು, ಮಾಮೂಲಿ ಜ್ವರದಂತೆ ಮನೆಯಲ್ಲಿ ಮಲಗಿ ಕಳೆಯುವಂಥದ್ದಲ್ಲ. 'ಪ್ರಶ್ನಂ ಒನ್ನುಮಿಲ್ಲ' ಎಂದರೆ ತೊಂದರೆ ಏನಿಲ್ಲ ಎಂದು. ನಮ್ಮಲ್ಲಿ ಪ್ರಶ್ನೆ ಎಂದರೆ ಜ್ಯೋತಿಷ್ಯ ಕೇಳುವುದು, ಆ ಮಾತು ಬಂದ ಕೂಡಲೇ ಯಾರೋ ಜೋಯಿಸರ ನಂಬರು ಕಳಿಸುತ್ತಾರೆ! ಇಂಥಲ್ಲಿ ಸೌಜನ್ಯ ಎಂದರೆ ಅನುವಾದ. ಚೀಟಿಯ ಮಲಯಾಳವನ್ನು ಓದಬಲ್ಲವರು ಪದದ ಅರ್ಥವನ್ನು, ಬರೀ ಅರ್ಥವನ್ನು, ಕನ್ನಡದಲ್ಲಿ ಬರೆದುಕೊಟ್ಟರೆ ದೊಡ್ಡ ಉಪಕಾರ. ಅದಕ್ಕೆ ತಮ್ಮ ವೈದ್ಯವನ್ನು ಸೇರಿಸಬೇಕಾಗಿಲ್ಲ.

ಮದ್ದಿನ ಹೆಸರು ಹೇಳುವ ಚಟದಲ್ಲಿ ಅತಿ ಹೆಚ್ಚು ಅಪಾಯ ಮಕ್ಕಳಿಗೆ. "ಜ್ವರಕ್ಕೆ ಪಾರಾಸಿಟಮಾಲ್ 5 ಎಂಎಲ್ ಕೊಡು, ನಮ್ಮ ಪಾಪುವಿಗೆ ಅಷ್ಟೇ ಕೊಟ್ಟದ್ದು" ಎಂದು ಅಕ್ಕ ಬರೆಯುತ್ತಾಳೆ. ಯಾವ ಬಾಟಲಿಯ 5 ಎಂಎಲ್? ಸಾಮಾನ್ಯ ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ, ಗಟ್ಟಿ ಸಿರಪ್ಪಿನಲ್ಲಿ 250, ಹಸುಗೂಸಿನ ಡ್ರಾಪ್ಸಿನಲ್ಲಿ ಒಂದೇ ಎಂಎಲ್‌ಗೆ 100. ಮಗುವಿಗೆ ಬೇಕಾದದ್ದು ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಎಂಟು ಕಿಲೋದ ಮಗುವಿಗೆ 80ರಿಂದ 120. ಅಕ್ಕನ ಮಾತು ಕೇಳಿ ಡ್ರಾಪ್ಸಿನ ಬಾಟಲಿಯಿಂದ 5 ಎಂಎಲ್ ಕೊಟ್ಟರೆ 500 ಮಿಲಿಗ್ರಾಂ ಹೊಟ್ಟೆಗೆ ಹೋಯಿತು, ಬೇಕಾದದ್ದರ ನಾಲ್ಕರಿಂದ ಆರು ಪಟ್ಟು. ಸಣ್ಣವರಿಗೆಂದು ಮಾಡಿದ ಡ್ರಾಪ್ಸು ತೆಳುವಿರಬೇಕು ಎಂದು ಎಲ್ಲರೂ ತಿಳಿಯುತ್ತಾರೆ, ಇರುವುದು ಉಲ್ಟಾ. ಆದ್ದರಿಂದ ಕೇಳಬೇಕಾದದ್ದು ತೂಕ ಎಷ್ಟು, ಬಾಟಲಿಯ ಚೀಟಿಯಲ್ಲಿ ಏನು ಬರೆದಿದೆ, ಕೊನೆಗೆ ಕೊಟ್ಟದ್ದು ಎಷ್ಟು ಗಂಟೆಗೆ ಎಂದು. ಆ ಮೂರು ಉತ್ತರ ಹಿಡಿದುಕೊಂಡು ಅವರೇ ಡಾಕ್ಟರಿಗೋ ಮದ್ದಿನ ಅಂಗಡಿಗೋ ಫೋನ್ ಮಾಡಲಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಎಂದರೆ ಪ್ರಮಾಣದ ಮಾತೇ ಬೇಡ, ಆಸ್ಪತ್ರೆ.

ಮಳೆಗಾಲದ ಡೆಂಗ್ಯೂ ಮಾತಿಗೆ ಬಂದರೆ ಪಪ್ಪಾಯಿ ಎಲೆಯ ರಸ ತಪ್ಪದೆ ಬರುತ್ತದೆ. ರಸಕ್ಕಿಂತ ಕೆಟ್ಟದ್ದು ಮೈಕೈ ನೋವಿಗೆಂದು ಹೇಳುವ ಐಬುಪ್ರೊಫೆನ್, ಡೈಕ್ಲೋಫಿನಾಕ್. ಅವು ಡೆಂಗ್ಯೂನಲ್ಲಿ ರಕ್ತಸ್ರಾವ ಹೆಚ್ಚಿಸಬಲ್ಲವು. ಜ್ವರ ಇಳಿದ ದಿನ "ಗುಣ ಆಯ್ತಲ್ಲ, ಇನ್ನು ಹೆದರ್ಬೇಡ" ಎಂದು ಹೇಳುವುದೂ ತಪ್ಪು, ಅಪಾಯದ ಒಂದೆರಡು ದಿನ ಶುರುವಾಗುವುದು ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಂಪರು, ಇವುಗಳನ್ನು ಕೇಳಿ. ಪ್ಲೇಟ್‌ಲೆಟ್ ಅಂಕಿಯೊಂದನ್ನೇ ಹಿಡಿದು ದಿನವೂ "ಈಗ ಎಷ್ಟು? ಈಗ ಎಷ್ಟು?" ಎಂದು ಕೇಳುವುದು ಕ್ರಿಕೆಟ್ ಸ್ಕೋರ್ ಕೇಳಿದ ಹಾಗಾಗುತ್ತದೆ.

ಸರ್ಪಸುತ್ತು ಎಂದು ಒಬ್ಬರು ಬರೆದರೆ ನಮ್ಮ ಸೀಮೆಯಲ್ಲಿ ಉತ್ತರ ನಾಗನಿಂದ ಶುರು. ತಂಬಿಲ (ನಾಗನಿಗೆ ಸಲ್ಲಿಸುವ ಸೇವೆ) ಹೇಳಿಕೊಳ್ಳುವುದು, ಕೆಂಪುಮಣ್ಣು ಹಚ್ಚುವುದು, "ಎರಡು ತುದಿ ಸೇರಿದರೆ ಬದುಕುವುದಿಲ್ಲ" ಎಂಬ ಹೆದರಿಕೆ. ಹರಕೆ ಅವರವರ ನಂಬಿಕೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಹರಕೆಗೆ ಗಂಟೆಯ ಲೆಕ್ಕವಿಲ್ಲ, ಮಾತ್ರೆಗೆ ಇದೆ: ಗುಳ್ಳೆ ಕಂಡ 72 ಗಂಟೆಗಳ ಒಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಫಲ ಹೆಚ್ಚು. ಹಿಂದೆಂದೋ ಬಂದ ಚಿಕನ್‌ಪಾಕ್ಸ್‌ನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದದ್ದು ಅದು. ಒಂದು ನರದ ಜಾಡು ಹಿಡಿದು ಹೋಗುವುದರಿಂದ ಮೈಯ ಒಂದೇ ಬದಿಯಲ್ಲಿ ಕಾಣುತ್ತದೆ, ಸಾಮಾನ್ಯವಾಗಿ ಸುತ್ತು ಬರುವುದಿಲ್ಲ. ಹಣೆ, ಕಣ್ಣು, ಮೂಗಿನ ತುದಿಗೆ ಗುಳ್ಳೆ ಬಂದಿದ್ದರೆ ಅದೇ ದಿನ ಕಣ್ಣಿನ ಡಾಕ್ಟರು. ಮಣ್ಣು ಹಚ್ಚಿದ ಒಡೆದ ಗುಳ್ಳೆ ಕೀವಾಗುತ್ತದೆ. ಇಷ್ಟನ್ನು ಹೇಳದೆ ನಿಮ್ಮ ಮನೆಯಲ್ಲಿ ಯಾವ ದೋಷ ಎಂದು ಕೇಳುವುದು ನೋವಿನ ಮೇಲೆ ಬರೆ.

ಇಂಥದೇ ಇನ್ನೊಂದು ಪ್ರಶ್ನೆ ಎಣ್ಮಕಜೆ, ಮುಳಿಯಾರು ಕಡೆಯ ಬಸುರಿಯರಿಗೆ ಎದುರಾಗುತ್ತದೆ: "ನಿಮ್ಮದು ಎಂಡೋಸಲ್ಫಾನ್ ಜಾಗ ಅಲ್ವಾ?" ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ಕೀಟನಾಶಕ ವಿಷದ ಫಲವನ್ನು ಈ ಜಿಲ್ಲೆ ಉಂಡಿದೆ, ಅದರಿಂದ ನರಳಿದ ಮಕ್ಕಳ ಫೋಟೋಗಳು ದೇಶದೇಶ ಸುತ್ತಿವೆ. ಸ್ಕ್ಯಾನಿಂಗಿಗೆ ಹೋಗುವ ಮುನ್ನಾದಿನ ಹೆದರಿ ಬರೆದವಳಿಗೆ ಆ ಪ್ರಶ್ನೆ ಕೇಳಿ ಯಾರಿಗೆ ಏನು ಲಾಭ? ಕುತೂಹಲವನ್ನು ಕಾಳಜಿಯ ವೇಷದಲ್ಲಿ ಕಳಿಸಬಾರದು.

ಎದೆಯಲ್ಲಿ ಗಂಟು ಸಿಕ್ಕಿದೆ ಎಂದು ಒಬ್ಬಾಕೆ ಹೆಂಗಸರ ಗುಂಪಿನಲ್ಲಿ ಹೇಳಿಕೊಂಡರೆ ಎರಡು ಬಗೆಯ ಉತ್ತರ ಬರುತ್ತವೆ. "ಏನೂ ಆಗುವುದಿಲ್ಲ ಬಿಡು" ಒಂದು, "ನಮ್ಮ ಪಕ್ಕದ ಮನೆಯವರಿಗೆ ಹೀಗೇ ಶುರುವಾಗಿ ಆರೇ ತಿಂಗಳು" ಇನ್ನೊಂದು. ಮೊದಲನೆಯದು ಆಕೆಯನ್ನು ಮನೆಯಲ್ಲಿ ಕೂರಿಸುತ್ತದೆ, ಎರಡನೆಯದೂ ಮನೆಯಲ್ಲೇ ಕೂರಿಸುತ್ತದೆ, ಹೆದರಿಸಿ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಆದರೆ ಯಾವುದು ಎಂದು ತಿಳಿಯಲು ಡಾಕ್ಟರು ಕೈಯಿಂದ ನೋಡುವುದು, ಸ್ಕ್ಯಾನ್ ಅಥವಾ ಮ್ಯಾಮೋಗ್ರಾಮ್, ಅಗತ್ಯ ಕಂಡರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ, ಈ ಮೂರು ಹಂತ ಇದೆ. ಸೂಜಿ ಹಾಕಿದರೆ ಹರಡುತ್ತದೆ ಎಂಬ ಮಾತನ್ನು ದಯವಿಟ್ಟು ಯಾರೂ ಬರೆಯಬೇಡಿ. ಬರೆಯಬಹುದಾದ ಸಾಲು: "ಅಕ್ಕ, ಈ ವಾರವೇ ತೋರಿಸುವ. ಯಾವ ದಿನ ಹೋಗ್ತೀರಿ ಹೇಳಿ, ನಾನು ಜೊತೆಗೆ ಬರ್ತೇನೆ."

ಬದುಕುವುದೇ ಬೇಡ ಎನ್ನಿಸುತ್ತಿದೆ ಎಂಬ ಅರ್ಥದ ಮಾತು, ಸ್ಟೇಟಸ್ಸಿನ ಪದ್ಯದ ರೂಪದಲ್ಲಾದರೂ ಸರಿ, ಕಂಡರೆ ಉಪದೇಶ ಬೇಡ, ಗುಂಪಿನಲ್ಲಿ ಚರ್ಚೆಯೂ ಬೇಡ. ಒಬ್ಬರು ಫೋನ್ ಮಾಡಿ, ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತಾ ಉಂಟಾ?" ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಒಂಟಿಯಾಗಿ ಬಿಡಬೇಡಿ, ತೋಟಕ್ಕೆ ಸಿಂಪಡಿಸುವ ವಿಷದ ಮದ್ದು ಕೈಗೆ ಸಿಗದಂತೆ ನೋಡಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲೂ ರಾತ್ರಿ ಇದೆ, ಭಾಷೆ ಆಯ್ದುಕೊಳ್ಳಬಹುದು, ಕನ್ನಡವೂ ಇದೆ. ಕೇರಳದ 'ದಿಶಾ' ಸಹಾಯವಾಣಿ 1056.

ರಿಪೋರ್ಟಿನ ಫೋಟೋ ಹಾಕುವವರಿಗೂ ಒಂದು ಮಾತು. ಹೆಸರು, ವಯಸ್ಸು, ಫೋನ್ ನಂಬರು, ಆಸ್ಪತ್ರೆಯ ನೋಂದಣಿ ಸಂಖ್ಯೆ ಮೇಲ್ಭಾಗದಲ್ಲಿರುತ್ತವೆ. ಮೂಲೆಯ ಚೌಕದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಹಲವು ಲ್ಯಾಬುಗಳ ಪೂರ್ತಿ ರಿಪೋರ್ಟು ತೆರೆಯುತ್ತದೆ. ಫೋನಿನ ಮಾರ್ಕರಿನಿಂದ ಗೀಚಿದರೆ ಸಾಲದು, ಅದು ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಅಡಿಯ ಅಕ್ಷರ ಕಾಣುತ್ತದೆ. ಕತ್ತರಿಸಿಯೇ ಹಾಕಬೇಕು. ತಪ್ಪಿ ಹೋದರೆ 'ಎಲ್ಲರಿಗೂ ಅಳಿಸು' ಎಂಬುದಕ್ಕೆ 2 ದಿನ 12 ಗಂಟೆಯ ಅವಕಾಶವಿದೆ, ಅಡ್ಮಿನ್ ಕೂಡ ಅಳಿಸಬಹುದು. ಆದರೆ ಯಾರೋ ಉಳಿಸಿಕೊಂಡದ್ದು, ಮುಂದೆ ಕಳಿಸಿದ್ದು ಅಳಿಯುವುದಿಲ್ಲ. ನೋಡಿದವರ ಕರ್ತವ್ಯ ಸರಳ: ಇನ್ನೊಂದು ಗುಂಪಿಗೆ ಕಳಿಸುವ ಮೊದಲು ಕೇಳಿ. "ನಮ್ಮ ಪರಿಚಯದ ಡಾಕ್ಟರಿಗೆ ತೋರಿಸಲಾ?" ಎಂದು ಕೇಳಿ ತೋರಿಸುವುದಕ್ಕೂ ಕೇಳದೆ ತೋರಿಸುವುದಕ್ಕೂ ಅಜಗಜಾಂತರ. ಮದುವೆಗಿರುವ ಹುಡುಗಿಯ ಥೈರಾಯ್ಡ್ ಸುದ್ದಿ ಗುಂಪಿನಿಂದ ಗುಂಪಿಗೆ ಹೋಗಿ ಸಂಬಂಧದವರ ಕಿವಿ ಮುಟ್ಟಿದ್ದಕ್ಕೆ ಮತ್ತೆ ಯಾರನ್ನು ಹಿಡಿಯುವುದು? ಎಚ್‌ಐವಿ ಸ್ಥಿತಿಯನ್ನಂತೂ ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ.

ತಪ್ಪು ಸಲಹೆಯನ್ನು ತಿದ್ದುವುದು ನಾಜೂಕಿನ ಕೆಲಸ, ಹಾಕಿದವರು ಹೆಚ್ಚಾಗಿ ಹಿರಿಯರೇ. ಎಲ್ಲರೆದುರು "ಇದೆಲ್ಲ ಸುಳ್ಳು" ಎಂದರೆ ಮಾವ ಗುಂಪು ಬಿಟ್ಟು ಹೋಗುತ್ತಾರೆ, ಮುಂದಿನ ಮದುವೆಗೂ ಬರುವುದಿಲ್ಲ. ಅವರ ಸಂದೇಶವನ್ನು ಒತ್ತಿ ಹಿಡಿದರೆ 'ಖಾಸಗಿಯಾಗಿ ಉತ್ತರಿಸಿ' ಎಂದು ಬರುತ್ತದೆ. ಅಲ್ಲಿ ಬರೆಯಿರಿ: "ಮಾವ, ನೀವು ಅವರಿಗೆ ಒಳ್ಳೇದಾಗ್ಲಿ ಅಂತಲೇ ಹಾಕಿದ್ದು. ಇದರಲ್ಲಿ ಹೇಳಿದ ಹಾಗೆ ಇನ್ಸುಲಿನ್ ನಿಲ್ಲಿಸಿದರೆ ಅವರಿಗೆ ಎರಡು ದಿನದಲ್ಲಿ ಐಸಿಯು ಆಗ್ಬಹುದು. ನೀವೇ ತೆಗೆದರೆ ಒಳ್ಳೇದಿತ್ತು." ಹೆಚ್ಚಿನವರು ತೆಗೆಯುತ್ತಾರೆ. ಗುಂಪಿನಲ್ಲಿ ಸರಿಯಾದದ್ದನ್ನು ಮಾತ್ರ, ಹೆಸರೆತ್ತದೆ ಹಾಕಿ. ತಪ್ಪು ಸಂದೇಶವನ್ನು ಉಲ್ಲೇಖಿಸಿ ಉತ್ತರಿಸಿದರೆ ಅದು ಮತ್ತೊಮ್ಮೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಜೋಡಿ ಬಾಣದ ಗುರುತಿರುವ ಸಂದೇಶ ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು. ಅದನ್ನು "ನಮ್ಮ ಡಾಕ್ಟ್ರು ಹೇಳಿದ್ದು" ಎನ್ನುವವರಿಗೆ ಯಾವ ಡಾಕ್ಟ್ರು ಎಂದು ಕೇಳಬಹುದು, ನಗುಮುಖದಿಂದಲೇ.

ರಕ್ತ ಬೇಕೆಂಬ ಸಂದೇಶದಲ್ಲಿ ರಕ್ತದ ಗುಂಪು, ಎಷ್ಟು ಯೂನಿಟ್, ರಕ್ತವೇ ಅಥವಾ ಪ್ಲೇಟ್‌ಲೆಟ್ಟೇ, ಆಸ್ಪತ್ರೆ, ಬೈಸ್ಟ್ಯಾಂಡರಿನ (ರೋಗಿಯ ಜೊತೆಗೆ ನಿಲ್ಲುವವರ) ನಂಬರು, ಮುಖ್ಯವಾಗಿ ತಾರೀಕು ಮತ್ತು ಗಂಟೆ ಇರಬೇಕು. "ಅರ್ಜೆಂಟ್, ಇವತ್ತೇ" ಎಂಬುದಕ್ಕೆ ಅರ್ಥವಿಲ್ಲ, ಯಾವ ಇವತ್ತು? ಬರುತ್ತೇನೆ ಎನ್ನುವ ಮೊದಲು ನೋಡಿಕೊಳ್ಳಿ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5, ಹಿಂದೆ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಮಂಗಳೂರಿನವರೆಗೆ ಹೋಗಿ ಹಿಮೋಗ್ಲೋಬಿನ್ ಸಾಲದೆ ಹಿಂದಿರುಗಿದರೆ ಆ ಮನೆಯವರ ಅರ್ಧ ದಿನ ಹೋಯಿತು. ರಕ್ತ ಸಿಕ್ಕಿದ ಮೇಲೆ "ಸಿಕ್ಕಿತು, ಇನ್ನು ಬೇಡ" ಎಂದು ಹಾಕಿ ಮೊದಲಿನದನ್ನು ಅಳಿಸುವುದು ಕೇಳಿದವರ ಸೌಜನ್ಯ.

"ಏನು ಬೇಕಾದರೂ ಹೇಳಿ" ಎಂದರೆ ಯಾರೂ ಏನೂ ಹೇಳುವುದಿಲ್ಲ. "ಬುಧವಾರ ರಾತ್ರಿ ಬೈಸ್ಟ್ಯಾಂಡರ್ ಆಗಿ ನಾನು ನಿಲ್ತೇನೆ", "ದನಕ್ಕೆ ಹುಲ್ಲು ನಾನು ಹಾಕ್ತೇನೆ", "ಇನ್ಶೂರೆನ್ಸ್ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಎಂದು ನಾನು ಕೇಳಿ ಹೇಳ್ತೇನೆ" ಎಂದರೆ ಹೂಂ ಎನ್ನುತ್ತಾರೆ. ಮೊದಲ ದಿನ ನಲವತ್ತು ಸಂದೇಶ, ಹತ್ತನೆಯ ದಿನ ಸೊನ್ನೆ, ಇದು ನಮ್ಮ ಗುಂಪುಗಳ ಲೆಕ್ಕ. ಹತ್ತನೆಯ ದಿನದ್ದನ್ನು ಒಬ್ಬರು ವಹಿಸಿಕೊಳ್ಳಲಿ, ಗುಂಪಿನಲ್ಲಲ್ಲ, ನೇರವಾಗಿ.

ಕೊನೆಗೆ ತಮ್ಮಲ್ಲೊಂದು ವಿನಂತಿ. ಪತ್ರಿಕೆಯ ಆರೋಗ್ಯ ಪುಟದಲ್ಲಿ ಸಕ್ಕರೆ, ಕ್ರಿಯಾಟಿನಿನ್ ಮುಂತಾದವುಗಳ ಅಂಕಿ ಕೊಡುವಾಗ ಪಕ್ಕದಲ್ಲಿ ಮಾನವನ್ನೂ ಮುದ್ರಿಸಿರಿ. ಕಾಸರಗೋಡು ಆವೃತ್ತಿಯಲ್ಲಿ ಗಲ್ಫಿನ ಮಾನವನ್ನೂ ಸೇರಿಸಿ ಎರಡು ಸಾಲಿನ ಒಂದು ಕೋಷ್ಟಕ ಹಾಕಿದರೆ ಜನ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳುತ್ತಾರೆ.

ಇತಿ,
ಮದ್ದಿನ ಅಂಗಡಿ ಮತ್ತು ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡುವ ಇಬ್ಬರು ಓದುಗರು,
ಬದಿಯಡ್ಕ, ಕಾಸರಗೋಡು ಜಿಲ್ಲೆ